ಟೆನಿಸ್ ಕೋರ್ಟ್‌ಗೆ ಪಿಕಲ್‌ಬಾಲ್ ಬರಲಾ? ಅಪಾರ್ಟ್‌ಮೆಂಟ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ದಕ್ಷಿಣಕ್ಕಿರುವ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇರುವುದು ಒಂದೇ ಟೆನಿಸ್ ಕೋರ್ಟ್. ಮೂರು ಕಡೆ ಟವರ್, ಒಂದು ಕಡೆ ಕಾಂಪೌಂಡ್ ಗೋಡೆ. ಅದನ್ನು ಪಿಕಲ್‌ಬಾಲ್‌ಗೆ ಬದಲಾಯಿಸಬೇಕೋ ಬೇಡವೋ ಅಂತ ಒಂದು ವರ್ಷ ಜಗಳ ನಡೆಯಿತು. ಕ್ರೀಡಾ ಸಮಿತಿಯಲ್ಲಿದ್ದ ತಪ್ಪಿಗೆ ಪ್ರಶ್ನೆಗಳೆಲ್ಲ ನನ್ನ ಹತ್ತಿರ ಬಂದವು. ಲಿಫ್ಟಿನಲ್ಲಿ, ತರಕಾರಿ ಗಾಡಿ ಪಕ್ಕ, ಗಣೇಶನ ಹಬ್ಬದ ಊಟದ ಸಾಲಿನಲ್ಲಿ. ಈಗ ಬೇರೆ ಅಪಾರ್ಟ್‌ಮೆಂಟ್‌ನವರೂ ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಇಪ್ಪತ್ತು ವರ್ಷ ಟೆನಿಸ್ ಆಡಿದವನು, ಎರಡು ವರ್ಷದಿಂದ ಪಿಕಲ್‌ಬಾಲ್ ಕೂಡ ಆಡುತ್ತೇನೆ. ಹಾಗಾಗಿ ಎರಡೂ ಕಡೆಯವರಿಗೆ ನನ್ನ ಮೇಲೆ ಅನುಮಾನ.

## ಮೊದಲು ಆಟದ ವಿಷಯ

ಪಿಕಲ್‌ಬಾಲ್ ಅಂದ್ರೆ ಏನ್ ಸಾರ್? ಉಪ್ಪಿನಕಾಯಿಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಉಪ್ಪಿನಕಾಯಿಗೆ ಸಂಬಂಧ ಇಲ್ಲ. 1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್, ಬಾರ್ನಿ ಮೆಕ್ಯಾಲಮ್ ಅನ್ನುವ ಮೂವರು ಶುರು ಮಾಡಿದ ಆಟ ಇದು. ಮನೆ ಹಿಂದೆ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಆಡಲು ಸರಿಯಾದ ಸಾಮಾನು ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿರುವ ಪ್ಲಾಸ್ಟಿಕ್ ಚೆಂಡು ಹಿಡಿದು ಮಕ್ಕಳಿಗೆ ಬೇಜಾರು ಕಳೆಯಲು ಏನೋ ಒಂದು ಆಡಿಸಿದರು. ಹೆಸರು ದೋಣಿ ಸ್ಪರ್ಧೆಯ 'ಪಿಕಲ್ ಬೋಟ್' (ಬೇರೆ ತಂಡಗಳಲ್ಲಿ ಮಿಕ್ಕವರನ್ನೆಲ್ಲ ಸೇರಿಸಿದ ದೋಣಿ) ಅನ್ನುವ ಮಾತಿನಿಂದ ಬಂತು ಅಂತ ಒಂದು ಕಥೆ. ಪ್ರಿಚರ್ಡ್ ಮನೆಯ ಪಿಕಲ್ಸ್ ಅನ್ನುವ ನಾಯಿಯಿಂದ ಬಂತು ಅಂತ ಇನ್ನೊಂದು.

ಆಟ ಸುಲಭ. ಸರ್ವ್ ಕೆಳಗಿನಿಂದ ಮಾಡಬೇಕು. ಸರ್ವ್ ಆದ ಚೆಂಡು ಆ ಕಡೆ ಒಂದು ಸಲ, ವಾಪಸ್ ಬಂದಾಗ ಈ ಕಡೆ ಒಂದು ಸಲ ಪುಟಿಯಲೇಬೇಕು. ನೆಟ್‌ನ ಎರಡೂ ಕಡೆ 7 ಅಡಿ ಜಾಗಕ್ಕೆ 'ಕಿಚನ್' ಅನ್ನುತ್ತಾರೆ. ಅಲ್ಲಿ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವ ಹಾಗಿಲ್ಲ. 11 ಪಾಯಿಂಟ್‌ಗೆ ಆಟ, ಎರಡು ಪಾಯಿಂಟ್ ಮುಂದಿರಬೇಕು. ಅಷ್ಟು ಗೊತ್ತಿದ್ದರೆ ಮೊದಲ ದಿನವೇ ಆಡಬಹುದು. ಟೆನಿಸ್‌ನಲ್ಲಿ ಮೊದಲ ತಿಂಗಳು ಚೆಂಡು ಹೆಕ್ಕುವುದರಲ್ಲೇ ಹೋಗುತ್ತದೆ. ಜನ ಇದಕ್ಕೆ ಮುಗಿಬೀಳುವುದು ಈ ಒಂದು ಕಾರಣಕ್ಕೆ.

ಇದು ಎರಡು ದಿನದ ಹುಚ್ಚು ಅಲ್ವಾ? ಆಮೇಲೆ ಖಾಲಿ ಬಿದ್ದಿರುತ್ತೆ.

ಈ ಅನುಮಾನ ನನಗೂ ಇತ್ತು. ನಮ್ಮಲ್ಲಿ ದುಡ್ಡು ಸುರಿದು ಮಾಡಿಸಿದ ಸ್ಕೇಟಿಂಗ್ ರಿಂಕ್‌ನಲ್ಲಿ ಈಗ ಇಸ್ತ್ರಿ ಅಂಗಡಿ ಇದೆ. ಆದರೆ ಇದು ಸ್ವಲ್ಪ ಬೇರೆ. ಮುಂಬೈನ ಸುನಿಲ್ ವಾಲಾವಲ್ಕರ್ 2000ದ ದಶಕದಲ್ಲೇ ಇದನ್ನು ಇಲ್ಲಿಗೆ ತಂದರು. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಕ್ರೀಡಾ ಫೆಡರೇಶನ್ ಅಂತ ಮಾನ್ಯತೆ ಕೊಟ್ಟಿತು. ಅದೇ ವರ್ಷದ ಶುರುವಿನಲ್ಲಿ ಮುಂಬೈನಲ್ಲಿ ವರ್ಲ್ಡ್ ಪಿಕಲ್‌ಬಾಲ್ ಲೀಗ್ ನಡೆಯಿತು. ಅದನ್ನು ಶುರು ಮಾಡಿದವರಲ್ಲಿ ಒಬ್ಬರು ಗೌರವ್ ನಾಟೇಕರ್, ಡೇವಿಸ್ ಕಪ್ ಆಡಿದ ಟೆನಿಸ್ ಆಟಗಾರ! ಮೊದಲ ಸಲ ಗೆದ್ದಿದ್ದು ಬೆಂಗಳೂರು ಜವಾನ್ಸ್ ತಂಡ. ಪೂರ್ತಿ ಮಾಯವಾಗುವ ಆಟದ ಹಾಗೆ ಕಾಣುತ್ತಿಲ್ಲ. ಹಾಗಂತ ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಉಳಿಯುತ್ತದೆ ಅನ್ನುವ ಗ್ಯಾರಂಟಿ ಯಾರೂ ಕೊಡಲಾರರು. ವಾಪಸ್ ತೆಗೆಯಲು ಆಗದಂಥ ಕೆಲಸ ಮೊದಲೇ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ನನಗೆ ಅರವತ್ತೆರಡು. ಮೊಣಕಾಲು ತಡೆಯುತ್ತಾ?

ಓಡುವುದು ಕಮ್ಮಿ, ಅದು ನಿಜ. ಆದರೆ ಬೀಳುವುದು ಕಮ್ಮಿ ಅಲ್ಲ. ತಲೆ ಮೇಲೆ ಹೋಗುವ ಚೆಂಡಿಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋಗಿ ದಬಕ್ ಅಂತ ಬೀಳುವವರೇ ಜಾಸ್ತಿ. ತಿರುಗಿ ಓಡಿ, ಇಲ್ಲ ಆ ಚೆಂಡನ್ನು ಬಿಟ್ಟುಬಿಡಿ. ವಾಕಿಂಗ್ ಶೂ ಬೇಡ, ಪಕ್ಕಕ್ಕೆ ಹಿಡಿತ ಇರುವ ಕೋರ್ಟ್ ಶೂ ಹಾಕಿ. ಮಳೆ ನಿಂತ ಮೇಲೆ ಕೋರ್ಟ್ ಒಣಗಿದ ಹಾಗೆ ಕಂಡರೂ ಮೂಲೆಗಳಲ್ಲಿ ತೇವ ಇರುತ್ತದೆ, ನೋಡಿಕೊಳ್ಳಿ.

## ಜಾಗದ ಲೆಕ್ಕ

ಒಂದು ಟೆನಿಸ್ ಕೋರ್ಟ್‌ನಲ್ಲಿ ನಾಲ್ಕು ಪಿಕಲ್‌ಬಾಲ್ ಕೋರ್ಟ್ ಹಿಡಿಸುತ್ತೆ ಅಂತಾರೆ. ನಿಜಾನಾ, ಸುಮ್ನೆ ಹೇಳ್ತಾರಾ?

ಬೇಲಿ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಟೆನಿಸ್‌ನ ಗೆರೆಗಳ ಅಳತೆ 78 ಅಡಿ ಉದ್ದ, ಡಬಲ್ಸ್‌ಗೆ 36 ಅಡಿ ಅಗಲ. ಓಡಾಡುವ ಜಾಗ ಸೇರಿ ಬೇಲಿಯೊಳಗೆ 120ಕ್ಕೆ 60 ಅಡಿ ಬಿಡುವುದು ರೂಢಿ. ಪಿಕಲ್‌ಬಾಲ್ ಕೋರ್ಟ್ ಸಿಂಗಲ್ಸ್‌ಗೂ ಡಬಲ್ಸ್‌ಗೂ 44ಕ್ಕೆ 20 ಅಡಿ. ಸುತ್ತ ಜಾಗ ಸೇರಿ ಕನಿಷ್ಠ 60ಕ್ಕೆ 30 ಬೇಕು. ಲೆಕ್ಕ ಹಾಕಿ: ಟೆನಿಸ್ ನೆಟ್‌ನ ಈ ಕಡೆ ಎರಡು, ಆ ಕಡೆ ಎರಡು. ಸರಿಯಾಗಿ ಕೂರುತ್ತದೆ. ನಾಲ್ಕು ಜನ ಡಬಲ್ಸ್ ಆಡುತ್ತಿದ್ದ ಜಾಗದಲ್ಲಿ ಹದಿನಾರು ಜನ.

ಆದರೆ ಬಹಳಷ್ಟು ಬಿಲ್ಡರ್‌ಗಳು 120ಕ್ಕೆ 60 ಬಿಟ್ಟಿರುವುದಿಲ್ಲ. ನಾನೂ ಸೆಕ್ಯುರಿಟಿ ಹುಡುಗನೂ ಟೇಪ್ ಹಿಡಿದು ಅಳೆದಾಗ ನಮ್ಮದು 108ಕ್ಕೆ 52 ಇತ್ತು. ಬ್ರೋಷರ್‌ನಲ್ಲಿ 'ಅಂತರರಾಷ್ಟ್ರೀಯ ಗುಣಮಟ್ಟ' ಅಂತ ಅಚ್ಚಾಗಿತ್ತು, ಇರಲಿ ಬಿಡಿ. ಇಷ್ಟು ಜಾಗದಲ್ಲಿ ನಾಲ್ಕು ತುರುಕಿದರೆ ಪಕ್ಕದವರ ಮೊಣಕೈ ನಿಮ್ಮ ಮುಖಕ್ಕೆ ತಾಗುತ್ತದೆ. ನಮಗೆ ಸರಿಹೊಂದಿದ್ದು ಎರಡೇ. ಮೊದಲು ಟೇಪ್ ತಗೊಂಡು ಹೋಗಿ, ಆಮೇಲೆ ವಾದ ಮಾಡಿ.

ಇರೋ ಟೆನಿಸ್ ನೆಟ್‌ಗೇ ಆಡಬಹುದಲ್ವಾ? ಹೊಸ ನೆಟ್ ಯಾಕೆ?

ಮನೆಮಂದಿ ಆಡಲು ಸಾಕು. ಪಿಕಲ್‌ಬಾಲ್ ನೆಟ್ ಕಂಬದ ಹತ್ತಿರ 36 ಇಂಚು, ನಡುವೆ 34. ಟೆನಿಸ್ ನೆಟ್ ಕಂಬದ ಹತ್ತಿರ 42, ನಡುವೆ 36. ನಡುವಿನ ಪಟ್ಟಿ ಎಳೆದು ಎರಡು ಇಂಚು ತಗ್ಗಿಸಬಹುದು, ಆದರೆ ಅಂಚಿನಲ್ಲಿ ಎತ್ತರವೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ನಡುವಿನ ನೆಟ್‌ನಲ್ಲಿ ಒಂದೇ ಕೋರ್ಟ್ ಆಗುತ್ತದೆ. ಜಾಗ ಉಳಿಸುವ ಉದ್ದೇಶವೇ ಹೋಯಿತು. ಗಾಲಿ ಇರುವ, ಎತ್ತಿಟ್ಟುಕೊಳ್ಳುವ ನೆಟ್ ಸಿಗುತ್ತದೆ, ಅದನ್ನೇ ತಗೊಳ್ಳಿ. ಅದನ್ನು ತೆಗೆದಿಡುವವರು ಯಾರು ಅಂತಲೂ ಅದೇ ದಿನ ತೀರ್ಮಾನ ಮಾಡಿ. ನಮ್ಮಲ್ಲಿ ಮೊದಲ ಮೂರು ವಾರದ ಜಗಳ ಅದೊಂದಕ್ಕೇ.

ಗೆರೆ ಮೇಲೆ ಗೆರೆ ಎಳೆದ್ರೆ ಟೆನಿಸ್ ಆಡೋರಿಗೆ ತಲೆ ಕೆಡಲ್ವಾ?

ಮೊದಲ ವಾರ ಕೆಡುತ್ತದೆ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಅನ್ನುವ ಜಗಳ ಜಾಸ್ತಿಯಾಗುತ್ತದೆ. ಟೆನಿಸ್ ಗೆರೆ ಬಿಳಿಯಾಗೇ ಇರಲಿ. ಪಿಕಲ್‌ಬಾಲ್ ಗೆರೆಗೆ ಕೋರ್ಟಿನ ಬಣ್ಣಕ್ಕೆ ಹತ್ತಿರದ, ಕಣ್ಣಿಗೆ ಹೊಡೆಯದ ಬಣ್ಣ ಹಾಕಿ. ನೀಲಿ ಕೋರ್ಟಾದರೆ ತಿಳಿನೀಲಿ. ಕಡು ಹಳದಿ ಹಾಕಿಸಿದ ಒಂದು ಕಡೆ ಟೆನಿಸ್ ಆಡಿದ್ದೇನೆ. ಸರ್ವ್ ಬಾಕ್ಸ್ ಹುಡುಕುವುದರೊಳಗೆ ಪಾಯಿಂಟ್ ಮುಗಿದಿತ್ತು.

ಇದರಲ್ಲಿ ಮಕ್ಕಳಿಗೂ ಲಾಭ ಇದೆ. ಟೆನಿಸ್‌ನಲ್ಲಿ ಚಿಕ್ಕ ಮಕ್ಕಳಿಗೆ ಕೆಂಪು ಚೆಂಡಿನ (ಮೆತ್ತಗಿನ, ನಿಧಾನದ ಚೆಂಡು) ಆಟ 36 ಅಡಿಯ ಪುಟ್ಟ ಕೋರ್ಟ್‌ನಲ್ಲಿ, ತಗ್ಗಿದ ನೆಟ್‌ನಲ್ಲಿ. ನೀವು ಪಿಕಲ್‌ಬಾಲ್‌ಗೆ ತಂದ ನೆಟ್ ಅವರ ಅಭ್ಯಾಸಕ್ಕೂ ಆಗುತ್ತದೆ. ನಮ್ಮ ಟೆನಿಸ್ ಕೋಚ್ ವಿರೋಧ ಬಿಟ್ಟಿದ್ದು ಇದನ್ನು ನೋಡಿದ ಮೇಲೆ.

ಟೆನಿಸ್ ಕೋರ್ಟನ್ನೇ ಯಾಕೆ ಮುಟ್ಟಬೇಕು? ಬೇರೆ ಜಾಗ ಇಲ್ವಾ?

ಈ ಪ್ರಶ್ನೆ ಮೊದಲೇ ಕೇಳಬೇಕಿತ್ತು, ನಾವು ಆರು ತಿಂಗಳು ಬಿಟ್ಟು ಕೇಳಿದೆವು. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನ ಅಳತೆ 44ಕ್ಕೆ 20 ಅಡಿ. ಪಿಕಲ್‌ಬಾಲ್‌ದೂ ಅದೇ! ಹುಟ್ಟಿದ್ದೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಅಲ್ವಾ. ಹೊರಗಿನ ಗೆರೆ ಇದ್ದೇ ಇದೆ, ಕಿಚನ್ ಗೆರೆ ಎಳೆದು ನೆಟ್ ತಗ್ಗಿಸಿದರೆ ಆಯಿತು. ಹೊರಗೆ ಸಿಮೆಂಟ್ ನೆಲದ ಬ್ಯಾಡ್ಮಿಂಟನ್ ಕೋರ್ಟ್ ಇದ್ದರೆ ಗಾಳಿಗೆ ಅಲ್ಲಿ ಶಟಲ್ ಯಾರೂ ಆಡುತ್ತಿರುವುದಿಲ್ಲ, ಅಲ್ಲಿಂದ ಶುರು ಮಾಡಿ. ಒಳಾಂಗಣದ ಕೋರ್ಟ್ ಮಾತ್ರ ಕೇಳಬೇಡಿ. ಬ್ಯಾಡ್ಮಿಂಟನ್ ಬಳಗ ಟೆನಿಸ್‌ನವರಿಗಿಂತ ದೊಡ್ಡದು, ಸಿಟ್ಟೂ ಜಾಸ್ತಿ.

ಕೋರ್ಟ್ ಕೆಳಗೆ ಕಾರ್ ಪಾರ್ಕಿಂಗ್ ಇದೆ. ಕಂಬ ನೆಡಿಸಬಹುದಾ?

ದಯವಿಟ್ಟು ಬೇಡ. ಬೇಸ್‌ಮೆಂಟ್ ಮೇಲಿನ ಸ್ಲ್ಯಾಬ್‌ಗೆ ನೀರು ಇಳಿಯದ ಹಾಗೆ ವಾಟರ್‌ಪ್ರೂಫಿಂಗ್ ಪದರ ಇರುತ್ತದೆ. ಕಂಬಕ್ಕೆ ತೂತು ಕೊರೆದರೆ ಆ ಪದರ ಹರಿಯುತ್ತದೆ. ಮಳೆಗಾಲದಲ್ಲಿ ಕೆಳಗಿನ ಕಾರಿನ ಮೇಲೆ ಸುಣ್ಣದ ನೀರು ತೊಟ್ಟಿಕ್ಕಲು ಶುರುವಾಗುತ್ತದೆ. ಆ ಬಿಳಿ ಕಲೆ ಬಣ್ಣ ತಿನ್ನುತ್ತದೆ, ತೊಳೆದರೆ ಹೋಗುವುದಿಲ್ಲ. ಆಮೇಲೆ ಸೋರಿಕೆ ಎಲ್ಲಿಂದ ಅಂತ ಹುಡುಕಲು ಇಡೀ ಕೋರ್ಟ್ ಅಗೆಯಬೇಕು. ನೆಲ ನೇರವಾಗಿ ಮಣ್ಣಿನ ಮೇಲಿದ್ದರೆ ಮಾತ್ರ ಕಾಯಂ ಕಂಬದ ಯೋಚನೆ ಮಾಡಿ.

## ಟಕ್ ಟಕ್ ಸದ್ದು

ಅಷ್ಟು ಹಗುರ ಪ್ಲಾಸ್ಟಿಕ್ ಚೆಂಡಿಗೆ ಇಷ್ಟು ರಂಪಾಟ ಯಾಕೆ? ಮಕ್ಕಳು ಕಿರುಚೋದು ಇದಕ್ಕಿಂತ ಜೋರು.

ಎರಡನೇ ಮಹಡಿಯ ಒಬ್ಬ ಆಂಟಿ ನನ್ನನ್ನು ಮನೆಗೆ ಕರೆದು ಕಾಫಿ ಕೊಟ್ಟು ಬಾಲ್ಕನಿಯಲ್ಲಿ ಕೂರಿಸಿದರು. ಏನೂ ಹೇಳಲಿಲ್ಲ. ಬೆಳಗ್ಗೆ ಆರೂಕಾಲು. ಕೆಳಗೆ ಒಂದೇ ಕೋರ್ಟ್‌ನಲ್ಲಿ ಆಟ. ನಿಮಿಷಕ್ಕೆ ಇಪ್ಪತ್ತಕ್ಕೂ ಜಾಸ್ತಿ ಸಲ ಟಕ್. ಎರಡು ಟಕ್ ನಡುವಿನ ಸಮಯ ಒಂದೇ ಸಮ ಇರುವುದಿಲ್ಲ, ಹಾಗಾಗಿ ಮುಂದಿನದು ಯಾವಾಗ ಅಂತ ಕಿವಿ ಕಾಯುತ್ತಲೇ ಇರುತ್ತದೆ. ಒಳಗೆ ಅವರ ಮಗ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಕಾಫಿ ಮುಗಿಯುವ ಹೊತ್ತಿಗೆ ನನಗೆ ಉತ್ತರ ಸಿಕ್ಕಿತ್ತು.

ಇದಕ್ಕೆ ಕಾರಣ ಇದೆ. ಟೆನಿಸ್ ಚೆಂಡು ಮೆತ್ತಗೆ, ರಾಕೆಟ್‌ನ ತಂತಿ ಬಾಗುತ್ತದೆ, ಸದ್ದು ದಪ್ಪ. ಇಲ್ಲಿ ಗಟ್ಟಿ ಚೆಂಡು ಗಟ್ಟಿ ಪ್ಯಾಡಲ್‌ಗೆ, ಅಂದರೆ ಪಿಕಲ್‌ಬಾಲ್ ಬ್ಯಾಟಿಗೆ, ಬಡಿಯುತ್ತದೆ. ಆ ಸದ್ದಿನ ಸ್ಥಾಯಿ ಹೆಚ್ಚುಕಮ್ಮಿ 1,000ದಿಂದ 1,200 ಹರ್ಟ್ಸ್. ಲಾರಿ ರಿವರ್ಸ್ ತಗೊಳ್ಳುವಾಗ ಬೀಪ್ ಬೀಪ್ ಅನ್ನುತ್ತದಲ್ಲ, ಅದೂ ಹತ್ತಿರ ಹತ್ತಿರ ಅದೇ ಸ್ಥಾಯಿಯದ್ದು. ಗಮನ ಸೆಳೆಯಲಿ ಅಂತಲೇ ಮಾಡಿದ ಸದ್ದು ಅದು! ಅಮೆರಿಕದಲ್ಲಿ ಅಳೆದವರು ನೂರು ಅಡಿ ದೂರದಲ್ಲೂ 70 ಡೆಸಿಬೆಲ್ ಹತ್ತಿರ ಬರುತ್ತದೆ ಅಂದಿದ್ದಾರೆ. ನಮ್ಮ ಕೋರ್ಟ್‌ನಿಂದ ಆ ಬಾಲ್ಕನಿಗೆ ನೂರು ಅಡಿ ಕೂಡ ಇಲ್ಲ. ಮೂರು ಕಡೆ ಗೋಡೆ ಬೇರೆ, ಒಂದು ಟಕ್ ಎರಡಾಗಿ ಕೇಳುತ್ತದೆ.

ಕಾನೂನಿನ 55 ಡೆಸಿಬೆಲ್ ಒಳಗೇ ಇದೆ, ಮೊಬೈಲ್‌ನಲ್ಲಿ ಅಳೆದು ತೋರಿಸಿದ್ದೀವಿ. ಇನ್ನೇನು ತಕರಾರು?

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10. ಆದರೆ ಆ ಅಂಕಿ ಒಂದಷ್ಟು ಹೊತ್ತಿನ ಸರಾಸರಿ. ಟಕ್ ಅನ್ನುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ. ನಡುವಿನ ಮೌನ ಎಲ್ಲ ಸೇರಿ ಸರಾಸರಿ ಕೆಳಗಿಳಿಯುತ್ತದೆ. ನಲ್ಲಿ ತೊಟ್ಟಿಕ್ಕುವ ಸದ್ದನ್ನೂ ಹೀಗೇ ಅಳೆದರೆ ಏನೂ ಬರುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಮೊಬೈಲ್ ಆ್ಯಪ್ ಇಂಥ ಚುಟುಕು ಸದ್ದನ್ನು ಸರಿಯಾಗಿ ಹಿಡಿಯುವುದೂ ಇಲ್ಲ. ಅಂಕಿ ಹಿಡಿದು ವಾದ ಗೆಲ್ಲಬಹುದು, ಆದರೆ ಸೋತವರು ಪಕ್ಕದ ಮನೆಯಲ್ಲೇ ಇರುತ್ತಾರೆ.

ಸುತ್ತ ಸದ್ದು ತಡೆಯೋ ಶೀಟ್ ಕಟ್ಟಿದ್ರೆ ಮುಗೀತಲ್ಲ?

ಬಿಡಿ ಮನೆಗಳ ಬಡಾವಣೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಟವರ್‌ಗಳ ನಡುವೆ ಅಷ್ಟಿಲ್ಲ. ಹತ್ತು ಅಡಿ ಶೀಟ್ ಕಟ್ಟಿದರೆ ನೆಲಮಹಡಿಯವರಿಗೆ ಕೋರ್ಟ್ ಮರೆಯಾಗುತ್ತದೆ, ಸದ್ದು ಕಮ್ಮಿಯಾಗುತ್ತದೆ. ನಾಲ್ಕನೇ ಮಹಡಿಯವರಿಗೆ ಕೋರ್ಟ್ ಪೂರ್ತಿ ಕಾಣುತ್ತಲೇ ಇರುತ್ತದೆ. ಕಣ್ಣಿಗೆ ಕಂಡರೆ ಕಿವಿಗೂ ಕೇಳುತ್ತದೆ ಅಂತ ಇಟ್ಟುಕೊಳ್ಳಿ.

ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ಜಾಲರಿ ಬೇಲಿಯಲ್ಲಿ ಗಾಳಿ ಹಾದು ಹೋಗುತ್ತದೆ. ಶೀಟ್ ಕಟ್ಟಿದ ಮೇಲೆ ಅದು ಹಾಯಿದೋಣಿಯ ಪಟದ ಹಾಗೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆಗೆ ಹಳೇ ಕಂಬ ಬಾಗಿದರೆ ಆಶ್ಚರ್ಯ ಇಲ್ಲ. ಮೊದಲು ಎಂಜಿನಿಯರ್ ಹತ್ತಿರ ಕಂಬ ತೋರಿಸಿ.

ಸದ್ದು ಮಾಡದ ಪ್ಯಾಡಲ್, ಚೆಂಡು ಬಂದಿದೆಯಂತೆ?

ಬಂದಿದೆ. ಮೆತ್ತನೆ ಮುಖದ ಪ್ಯಾಡಲ್‌ನಲ್ಲಿ ಸದ್ದು ಕಮ್ಮಿ. ಫೋಮ್ ಚೆಂಡಿನಲ್ಲಿ ಇನ್ನೂ ಕಮ್ಮಿ, ಆದರೆ ಪುಟಿತ ಬೇರೆ, ಚೆನ್ನಾಗಿ ಆಡುವವರಿಗೆ ಹಿಡಿಸುವುದಿಲ್ಲ. ನಾವು ಬೆಳಗ್ಗೆ 8ರವರೆಗೆ ಫೋಮ್ ಚೆಂಡು ಮಾತ್ರ ಅಂತ ಮಾಡಿದೆವು. ಗೊಣಗಿದರು, ಆಡಿದರು. ಪ್ಯಾಡಲ್ ವಿಷಯದಲ್ಲಿ ಮಾತ್ರ ನಿಯಮ ಮಾಡಲು ಹೋಗಬೇಡಿ. ಅವರವರ ದುಡ್ಡಿನ ಪ್ಯಾಡಲ್ ತಪಾಸಣೆ ಮಾಡುವವರು ಯಾರು?

## ಯಾರ ಕೋರ್ಟ್, ಯಾರ ಮಾತು

ಟೆನಿಸ್ ಆಡೋರು ಹತ್ತೇ ಜನ. ಅವರಿಗೋಸ್ಕರ ಅಷ್ಟು ದೊಡ್ಡ ಜಾಗ ಯಾಕೆ ಕಾಯಬೇಕು?

2024ರಲ್ಲಿ ವಿಂಬಲ್ಡನ್ ಸಮಯದಲ್ಲಿ ನೊವಾಕ್ ಜೊಕೊವಿಚ್ ಕೂಡ ಇದನ್ನೇ ಹೇಳಿದ್ದರು. ಕ್ಲಬ್ ಮಟ್ಟದಲ್ಲಿ ಟೆನಿಸ್ ಅಪಾಯದಲ್ಲಿದೆ, ಲೆಕ್ಕ ಹಾಕಿದರೆ ಪೇಡೆಲ್ (ಸುತ್ತ ಗೋಡೆ ಇರುವ ಸಣ್ಣ ಕೋರ್ಟ್‌ನಲ್ಲಿ ಆಡುವ ಇನ್ನೊಂದು ಆಟ), ಪಿಕಲ್‌ಬಾಲ್‌ನಲ್ಲೇ ಹಣ ಇರುವುದು, ಕ್ಲಬ್‌ಗಳು ಕೋರ್ಟುಗಳನ್ನೆಲ್ಲ ಬದಲಾಯಿಸಿಬಿಡುತ್ತವೆ ಅಂತ ಅವರ ಆತಂಕ. ಸಂಖ್ಯೆಯಲ್ಲಿ ಟೆನಿಸ್ ಸೋಲುತ್ತದೆ, ಒಪ್ಪಿದೆ.

ಆದರೆ ಆ ಹತ್ತು ಜನ ಯಾರು ಅಂತ ನೋಡಿ. ನಾವು ಗೇಟ್ ಹತ್ತಿರ ಒಂದು ರಿಜಿಸ್ಟರ್ ಇಟ್ಟು ನಾಲ್ಕು ವಾರ ಬರೆಸಿದೆವು. ಬೆಳಗ್ಗೆ ಹಿರಿಯರು ಆರು ಜನ, ಸಂಜೆ ಕೋಚಿಂಗ್‌ಗೆ ಹದಿನಾಲ್ಕು ಮಕ್ಕಳು. ಬಾಲ್ಕನಿಯಿಂದ ನೋಡಿ 'ಖಾಲಿ ಬಿದ್ದಿದೆ' ಅಂದವರು ನೋಡಿದ್ದು ಮಧ್ಯಾಹ್ನ! ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ವಾರ ಆ ಕೋಚಿಂಗ್‌ಗೆ ಹೊಸದಾಗಿ ಮೂರು ಮಕ್ಕಳು ಸೇರಿದ್ದರು. ಪಿಕಲ್‌ಬಾಲ್‌ಗೆ ಎಲ್ಲೋ ಒಂದು ಮೂಲೆ ಹುಡುಕಬಹುದು. ಕಳೆದುಕೊಂಡ ಟೆನಿಸ್ ಕೋರ್ಟ್‌ಗೆ ಅಪಾರ್ಟ್‌ಮೆಂಟ್ ಒಳಗೆ ಇನ್ನೊಂದು ಜಾಗ ಸಿಗುವುದಿಲ್ಲ. ಹಾಗಾಗಿ ಒಂದೇ ಕೋರ್ಟ್ ಇದ್ದರೆ ಹಂಚಿಕೊಳ್ಳಿ, ಬದಲಾಯಿಸಬೇಡಿ ಅನ್ನುವುದು ನನ್ನ ಮಾತು. ಎರಡಿದ್ದರೆ, ಮನೆಗಳಿಂದ ದೂರ ಇರುವ ಒಂದನ್ನು ಧಾರಾಳವಾಗಿ ಬದಲಾಯಿಸಿ.

ಮ್ಯಾನೇಜಿಂಗ್ ಕಮಿಟಿ ತೀರ್ಮಾನ ಮಾಡಿದ್ರೆ ಸಾಕಲ್ವಾ? ಎಲ್ಲದಕ್ಕೂ ಸಭೆ ಕರೆಯೋಕಾಗುತ್ತಾ?

ಗೆರೆ ಎಳೆಯಲು, ಸಮಯ ಹಂಚಲು ಸಾಮಾನ್ಯವಾಗಿ ಸಾಕು. ಒಂದು ಸೌಲಭ್ಯವನ್ನೇ ತೆಗೆದು ಇನ್ನೊಂದು ಮಾಡುವುದು ಬೇರೆ ಮಾತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇರುವ ಕಟ್ಟಡದಲ್ಲಿ ಕಾಮನ್ ಏರಿಯಾದಲ್ಲಿ ಪ್ರತಿ ಮಾಲೀಕರಿಗೂ ಬಿಡಿಸಲಾಗದ ಪಾಲು ಇರುತ್ತದೆ. ಆಡದವರಿಗೂ ಸೇರಿ. ಎಷ್ಟು ಬಹುಮತ ಬೇಕು, ಎಷ್ಟು ಖರ್ಚಿನವರೆಗೆ ಕಮಿಟಿಗೆ ಅಧಿಕಾರ ಅಂತ ನಿಮ್ಮ ಬೈಲಾದಲ್ಲಿ, ಅಂದರೆ ಸಂಘದ ನಿಯಮ ಪುಸ್ತಕದಲ್ಲಿ, ಇರುತ್ತದೆ. ಅದನ್ನು ಒಂದು ಸಲ ಓದಿ. ನಮ್ಮ ಕಮಿಟಿಯ ಒಂಬತ್ತು ಜನರಲ್ಲಿ ಓದಿದ್ದವರು ಇಬ್ಬರು.

ಕಟ್ಟಡ ಇನ್ನೂ ಸಂಘಕ್ಕೆ ಹ್ಯಾಂಡ್‌ಓವರ್ ಆಗಿಲ್ಲ. ಬಿಲ್ಡರ್ ತಾನೇ ಪಿಕಲ್‌ಬಾಲ್ ಮಾಡಿಕೊಡ್ತೀನಿ ಅಂತಿದ್ದಾನೆ.

ಹಾಗೆ ಮಾಡುವಂತಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಒಪ್ಪಿಗೆಯಾದ ಪ್ಲಾನ್ ಅಥವಾ ಕಾಮನ್ ಏರಿಯಾ ಬದಲಾಯಿಸಲು ಮನೆ ಕೊಂಡವರಲ್ಲಿ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಬೇಕು. ಟೆನಿಸ್ ಕೋರ್ಟಿಗಿಂತ ಸಣ್ಣ ಜಾಗದಲ್ಲಿ ಕೆಲಸ ಮುಗಿಸುವ ಆಸೆ ಅವರಿಗೆ ಇರಬಹುದು. ಪ್ಲಾನ್ ಇಟ್ಟುಕೊಂಡು ಕೇಳಿ.

ಬಾಡಿಗೆಯವರಿಗೆ ಮತ ಇಲ್ವಾ? ಆಡೋರೇ ನಾವು.

ಮತ ಸಾಮಾನ್ಯವಾಗಿ ಮಾಲೀಕರದ್ದು. ನಮ್ಮ ರಿಜಿಸ್ಟರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಸರು ಬಾಡಿಗೆಯವರದು, ಸದ್ದು ಕೇಳುವ ಮನೆಗಳಲ್ಲೂ ಅವರೇ ಜಾಸ್ತಿ. ಹಾಗಾಗಿ ಸಭೆಗೆ ಮುಂಚೆ ನಾವು ಮನೆ ಮನೆಗೆ ಹೋಗಿ ಕೇಳಿದೆವು. ವಾಟ್ಸ್‌ಆ್ಯಪ್ ಪೋಲ್ ನಂಬಬೇಡಿ. ಅದರಲ್ಲಿ ದುಬೈನಲ್ಲಿರುವ ಮಾಲೀಕರೂ ಒತ್ತಿದ್ದರು.

ಹೊರಗಿನವರಿಗೆ ಗಂಟೆ ಲೆಕ್ಕದಲ್ಲಿ ಕೊಟ್ರೆ ಖರ್ಚು ವಾಪಸ್ ಬರುತ್ತಲ್ಲ?

ದುಡ್ಡಿನ ಜೊತೆಗೆ ಗೇಟಿನಲ್ಲಿ ಅಪರಿಚಿತರು, ವಿಸಿಟರ್ ಪಾರ್ಕಿಂಗ್ ಜಗಳ, ಬಿದ್ದು ಕೈ ಮುರಿದುಕೊಂಡರೆ ಹೊಣೆ, ತೆರಿಗೆ ಲೆಕ್ಕ ಎಲ್ಲ ಬರುತ್ತದೆ. ನಾನು ಬೇಡ ಅಂತಲೇ ಹೇಳುತ್ತೇನೆ.

ನಾವು ಅಮೆರಿಕದಲ್ಲಿದ್ದೀವಿ. ನಮ್ಮ ಕಾಲೊನಿಯಲ್ಲೂ ಇದೇ ಜಗಳ. ಅಲ್ಲಿಗೂ ಇದೇ ಉತ್ತರಾನಾ?

ಅಲ್ಲಿ ನಿಮಗೆ ಜಾಗ ಇದೆ, ವಕೀಲರೂ ಇದ್ದಾರೆ. ಸದ್ದಿನ ವಿಷಯ ಅಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಕೊಲೊರಾಡೊದ ಸೆಂಟೆನಿಯಲ್ ನಗರ 2023ರಲ್ಲಿ ಮನೆಗಳಿಂದ 500 ಅಡಿ ಒಳಗೆ ಹೊಸ ಪಿಕಲ್‌ಬಾಲ್ ಕೋರ್ಟ್ ಕಟ್ಟುವುದನ್ನು ಕೆಲವು ತಿಂಗಳು ತಡೆದಿತ್ತು. ಹತ್ತಿರದ ಮನೆಗೆ ಎಷ್ಟು ಅಡಿ ಅಂತ ಮೊದಲು ಅಳೆಯಿರಿ. ಮಿಕ್ಕಿದ್ದು ಆಮೇಲೆ.

ಸರಿ, ಟ್ರಯಲ್ ಮಾಡೋಣ. ಹೇಗೆ ಶುರು ಮಾಡೋದು?

ಬಣ್ಣ ಹಚ್ಚಬೇಡಿ. ಅಂಟು ಟೇಪ್ ಕೂಡ ಬೇಡ. ಬಿಸಿಲಿಗೆ ಅದು ನೆಲಕ್ಕೆ ಕಚ್ಚಿಕೊಂಡು ತೆಗೆಯುವಾಗ ಅಕ್ರಿಲಿಕ್ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ನಮ್ಮಲ್ಲಿ ಬೇಸ್‌ಲೈನ್ ಹತ್ತಿರ ಒಂದು ಗೇಣು ಉದ್ದ ಹೀಗೆ ಕಿತ್ತುಬಂದು ಟೆನಿಸ್‌ನವರು ಅದರ ಫೋಟೊ ತೆಗೆದು ಸಭೆಗೆ ತಂದಿದ್ದರು. ಸೀಮೆಸುಣ್ಣ, ಇಲ್ಲವೇ ನೆಲದ ಮೇಲೆ ಹಾಸಿ ಎತ್ತಿಡುವ ರಬ್ಬರ್ ಪಟ್ಟಿ ಸಾಕು. ಎರಡು ಗಾಲಿ ನೆಟ್ ತಗೊಳ್ಳಿ. ಮೂರು ತಿಂಗಳ ಗಡುವು ಇರಲಿ, ಅದರಲ್ಲಿ ಒಂದಾದರೂ ಶಾಲೆ ರಜೆಯ ತಿಂಗಳು ಬರಲಿ. ಇಲ್ಲದಿದ್ದರೆ ನಿಜವಾದ ನೂಕುನುಗ್ಗಲು ಗೊತ್ತಾಗುವುದಿಲ್ಲ. ಸದ್ದಿನ ದೂರು ತಗೊಳ್ಳಲು ಆಡದವರೊಬ್ಬರನ್ನು ನೇಮಿಸಿ.

ಕೊನೆಗೆ ನಿಮ್ಮಲ್ಲಿ ಏನಾಯ್ತು?

ಎರಡು ಕೋರ್ಟಿಗೆ ತಿಳಿನೀಲಿ ಗೆರೆ ಬಿತ್ತು. ಬೆಳಗ್ಗೆ 7ಕ್ಕೆ ಮುಂಚೆ, ರಾತ್ರಿ 9ರ ನಂತರ ಪಿಕಲ್‌ಬಾಲ್ ಇಲ್ಲ. ಬುಧವಾರ ಪೂರ್ತಿ, ಉಳಿದ ದಿನ ಸಂಜೆ 4ರಿಂದ 6 ಟೆನಿಸ್‌ಗೆ. ಎರಡನೇ ಮಹಡಿಯ ಆಂಟಿ ಇನ್ನೂ ದೂರು ಬರೆಯುತ್ತಾರೆ, ಆದರೆ ವಾರಕ್ಕೊಂದು. ಅವರ ಯಜಮಾನರು ಕಳೆದ ತಿಂಗಳು ಒಂದು ಪ್ಯಾಡಲ್ ತಗೊಂಡಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ, ಅದು ಕ್ರೀಡಾ ಸಮಿತಿಯ ಬೀರುವಿನಲ್ಲಿದೆ.